ಪಿಡಿಎಫ್‌ನಲ್ಲಿ ಮೌಸ್ ವೀಲ್ ತಿರುಗಿಸಿದರೆ ಇಡೀ ಪುಟ ಹಾರುತ್ತದೆ, ಜೋರಾಗಿ ಸ್ಕ್ರೋಲ್ ಮಾಡಿದರೆ ಬಿಳಿ ಹಾಳೆ ಬರುತ್ತದೆ

ಪ್ರಶ್ನೆ

ಸ್ಕ್ಯಾನ್ ಮಾಡಿದ ಒಂದು ಪಿಡಿಎಫ್ ಇದೆ, 412 ಪುಟ, 190 ಎಂಬಿ. ವಿಂಡೋಸ್ 11, ಅಕ್ರೊಬ್ಯಾಟ್ ರೀಡರ್, 8 ಜಿಬಿ ರ‍್ಯಾಮ್. ತೊಂದರೆ ಎರಡು.

ಮೊದಲನೆಯದು, ವೀಲ್ ಒಂದು ಕ್ಲಿಕ್ ತಿರುಗಿಸಿದರೆ ನೇರ ಮುಂದಿನ ಪುಟಕ್ಕೆ ಹೋಗುತ್ತದೆ. ಒಂದು ಪುಟದ ಕೊನೆಯ ಸಾಲು, ಮುಂದಿನ ಪುಟದ ಮೊದಲ ಸಾಲು ಒಟ್ಟಿಗೆ ಕಾಣುವುದೇ ಇಲ್ಲ. ಪ್ರಿಫರೆನ್ಸಸ್‌ನ ಪೇಜ್ ಡಿಸ್‌ಪ್ಲೇಯಲ್ಲಿ ‘ಸಿಂಗಲ್ ಪೇಜ್ ಕಂಟಿನ್ಯೂಯಸ್’ (ಪುಟಗಳು ಒಂದರ ಕೆಳಗೊಂದು ಸಾಲಾಗಿ ಸರಿಯುವ ರೀತಿ) ಇಟ್ಟಿದ್ದೇನೆ. ಬೇರೆ ಫೈಲುಗಳು ಸರಿಯಾಗಿವೆ, ಇದೊಂದು ಮಾತ್ರ ತೆರೆದಾಗಲೆಲ್ಲ ಹಳೇ ರೀತಿಯೇ.

ಎರಡನೆಯದು, ಸ್ಕ್ರೋಲ್‌ಬಾರ್ ಹಿಡಿದು ಎಳೆದರೆ ಎರಡು ಮೂರು ಸೆಕೆಂಡು ಬಿಳಿ ಹಾಳೆ, ಆಮೇಲೆ ಅಕ್ಷರ. ಇದೇ ಫೈಲನ್ನು ಲಿನಕ್ಸ್‌ನಲ್ಲಿ ಓಕ್ಯುಲರ್‌ನಿಂದ ತೆರೆದರೂ ಬಿಳಿ ಹಾಳೆ ತಪ್ಪುವುದಿಲ್ಲ. ಎಲ್ಲಿಂದ ಹುಡುಕಲಿ?

ಉತ್ತರ 1

ಎರಡಕ್ಕೂ ಕಾರಣ ಬೇರೆ ಬೇರೆ, ಒಂದೇ ಮದ್ದು ಹುಡುಕಬೇಡಿ. ಪುಟ ಹಾರುವುದರ ಬಗ್ಗೆ ಹೇಳುತ್ತೇನೆ.

ಪಿಡಿಎಫ್ ತಯಾರಿಸಿದವರು ‘ತೆರೆದಾಗ ಹೀಗೆ ಕಾಣಲಿ’ ಎಂದು ಲೇಔಟನ್ನೂ ಜೂಮನ್ನೂ ಫೈಲಿನ ಒಳಗೇ ಬರೆದಿಡಬಹುದು. ನಿಮ್ಮ ಫೈಲಿನಲ್ಲಿ ‘ಸಿಂಗಲ್ ಪೇಜ್’ ಮತ್ತು ‘ಫಿಟ್ ಪೇಜ್’ ಇರುವ ಹಾಗಿದೆ. ಪುಟ ಪೂರ್ತಿ ಪರದೆಯಲ್ಲಿ ಹಿಡಿಸಿದ ಮೇಲೆ ಒಳಗೆ ಸರಿಯಲು ಜಾಗವೇ ಇರುವುದಿಲ್ಲ, ಹಾಗಾಗಿ ವೀಲಿನ ಒಂದು ಕ್ಲಿಕ್ಕಿಗೆ ಒಂದು ಪುಟ. ನೀವು ಪೇಜ್ ಡಿಸ್‌ಪ್ಲೇಯಲ್ಲಿ ಇಟ್ಟದ್ದು ಡೀಫಾಲ್ಟ್ ಮಾತ್ರ. ತನ್ನದೇ ಸೆಟ್ಟಿಂಗ್ ಇಲ್ಲದ ಫೈಲುಗಳಿಗಷ್ಟೇ ಅದು ಅನ್ವಯ. ಬೇರೆ ಫೈಲುಗಳು ಸರಿ ಇದ್ದು ಇದೊಂದೇ ಹಟ ಮಾಡುತ್ತಿರುವುದು ಅದಕ್ಕೇ.

ಕಂಟ್ರೋಲ್ ಮತ್ತು ಕೆ ಒತ್ತಿ, ಪ್ರಿಫರೆನ್ಸಸ್‌ನಲ್ಲಿ ‘ಆಕ್ಸೆಸಿಬಿಲಿಟಿ’ಗೆ ಹೋಗಿ. ಅಲ್ಲಿ ‘ಆಲ್ವೇಸ್ ಯೂಸ್ ಪೇಜ್ ಲೇಔಟ್ ಸ್ಟೈಲ್’ಗೆ ಟಿಕ್ ಹಾಕಿ ‘ಸಿಂಗಲ್ ಪೇಜ್ ಕಂಟಿನ್ಯೂಯಸ್’ ಆರಿಸಿ. ಅದರ ಪಕ್ಕದ ‘ಆಲ್ವೇಸ್ ಯೂಸ್ ಜೂಮ್ ಸೆಟ್ಟಿಂಗ್’ಗೂ ಟಿಕ್ ಹಾಕಿ ‘ಫಿಟ್ ವಿಡ್ತ್’ ಇಡಿ. ಫೈಲ್ ಮುಚ್ಚಿ ಮತ್ತೆ ತೆರೆಯಿರಿ. ಇದು ಎಲ್ಲ ಫೈಲುಗಳ ಸೂಚನೆಯನ್ನೂ ಬದಿಗೊತ್ತುತ್ತದೆ. ಸ್ಲೈಡ್‌ಗಳಂಥ ಪಿಡಿಎಫ್ ಹೆಚ್ಚು ನೋಡುವವರಾದರೆ ಜೂಮ್ ಟಿಕ್ ಬಿಡುವುದೇ ವಾಸಿ.

ಇದೊಂದು ಸಲಕ್ಕೆ ಸಾಕು ಅಂದರೆ ವ್ಯೂ ಮೆನುವಿನ ಪೇಜ್ ಡಿಸ್‌ಪ್ಲೇಯಲ್ಲಿ ‘ಎನೇಬಲ್ ಸ್ಕ್ರೋಲಿಂಗ್’ ಒತ್ತಿದರಾಯಿತು. ಸುಮಾತ್ರಾ ಪಿಡಿಎಫ್, ಎವಿನ್ಸ್ ಎಂಬ ಬೇರೆ ವ್ಯೂವರ್‌ಗಳೆರಡರಲ್ಲೂ ಸಿ ಅಕ್ಷರದ ಕೀ ಒತ್ತಿದರೆ ಕಂಟಿನ್ಯೂಯಸ್ ಆನ್, ಮತ್ತೆ ಒತ್ತಿದರೆ ಆಫ್. ಎಷ್ಟೋ ಸಲ ಬೆರಳು ತಾಗಿ ಇದು ಬದಲಾಗಿರುತ್ತದೆ, ವ್ಯೂವರ್ ಕೆಟ್ಟಿತೆಂದು ಜನ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ.

ಉತ್ತರ 2

ಬಿಳಿ ಹಾಳೆಯ ವಿಚಾರ. ಎರಡು ವ್ಯೂವರ್‌ಗಳಲ್ಲೂ ಬರುತ್ತಿದೆ ಅಂದರೆ ಅನುಮಾನ ಫೈಲಿನ ಮೇಲೆಯೇ. ಖಚಿತ ಮಾಡಿಕೊಳ್ಳಲು ಹೀಗೆ ಮಾಡಿ: 50ನೇ ಪುಟಕ್ಕೆ ಹೋಗಿ, ಪೂರ್ತಿ ಮೂಡುವವರೆಗೆ ಕಾಯಿರಿ. 51ಕ್ಕೆ ಹೋಗಿ, ಅದೂ ಮೂಡಲಿ. ಈಗ 50ಕ್ಕೆ ವಾಪಸ್ ಬನ್ನಿ. ತಕ್ಷಣ ಕಂಡರೆ ಕ್ಯಾಶ್ (ಒಮ್ಮೆ ಮೂಡಿಸಿದ ಪುಟವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಕೆಲಸ ಮಾಡುತ್ತಿದೆ, ಕಂಪ್ರೆಸ್ ಮಾಡಿಟ್ಟ ಚಿತ್ರವನ್ನು ಮೊದಲ ಸಲ ಬಿಚ್ಚುವುದೇ ನಿಧಾನ. ಮತ್ತೆ ಬಿಳಿಯಾದರೆ ಕ್ಯಾಶ್ ಸಾಲುತ್ತಿಲ್ಲ.

ಆಮೇಲೆ ಲಿನಕ್ಸ್‌ನಲ್ಲಿ ಪಾಪ್ಲರ್ ಯುಟಿಲ್ಸ್ ಪ್ಯಾಕೇಜಿನ ಪಿಡಿಎಫ್ ಇಮೇಜಸ್ ಕಮಾಂಡನ್ನು ಲಿಸ್ಟ್ ಆಯ್ಕೆಯೊಂದಿಗೆ ಫೈಲಿನ ಮೇಲೆ ಓಡಿಸಿ. ಪ್ರತಿ ಚಿತ್ರಕ್ಕೂ ಒಂದು ಸಾಲು ಬರುತ್ತದೆ. ಅಗಲ, ಎತ್ತರ, ಎನ್‌ಕೋಡಿಂಗ್ (ಕಂಪ್ರೆಸ್ ಮಾಡಿದ ವಿಧಾನ), ಪಿಪಿಐ (ಒಂದು ಇಂಚಿಗೆ ಎಷ್ಟು ಪಿಕ್ಸೆಲ್), ಈ ನಾಲ್ಕು ಕಾಲಂ ನೋಡಿ ಇಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು

ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಿಂದ ಹಾರುವುದು ನಿಂತಿತು, ಧನ್ಯವಾದ. 50ನೇ ಪುಟಕ್ಕೆ ವಾಪಸ್ ಬಂದರೆ ತಕ್ಷಣ ಕಾಣುತ್ತದೆ. ಪುಟಕ್ಕೆ ಒಂದೇ ಚಿತ್ರ: ಅಗಲ 4960, ಎತ್ತರ 7016, ಆರ್‌ಜಿಬಿ, ಎನ್‌ಕೋಡಿಂಗ್ ಜೆಪಿಎಕ್ಸ್, 600 ಪಿಪಿಐ.

ಉತ್ತರ 2

ಕಾರಣ ಸಿಕ್ಕಿತು. 4960 × 7016 ಅಂದರೆ ಸುಮಾರು 3.48 ಕೋಟಿ ಪಿಕ್ಸೆಲ್. ಪಿಕ್ಸೆಲ್‌ಗೆ 3 ಬೈಟ್ ಹಿಡಿದರೆ ಒಂದೊಂದು ಪುಟವೂ ಬಿಚ್ಚಿದ ಮೇಲೆ 104 ಎಂಬಿ. ಡಿಸ್ಕಿನಲ್ಲಿ ಪುಟಕ್ಕೆ ಅರ್ಧ ಎಂಬಿಯೂ ಇಲ್ಲ, ಅದನ್ನು ನೋಡಿ ಹಗುರ ಅಂದುಕೊಳ್ಳಬಾರದು. ಮೇಲಾಗಿ ಜೆಪಿಎಕ್ಸ್ ಅಂದರೆ ಜೆಪೆಗ್ 2000. ಅದರ ವೇವ್‌ಲೆಟ್ ಲೆಕ್ಕ ಸಾಮಾನ್ಯ ಜೆಪೆಗ್‌ಗಿಂತ ಪ್ರೊಸೆಸರಿಗೆ ತುಂಬಾ ಭಾರ. ಸ್ಕ್ರೋಲ್‌ಬಾರ್ ಎಳೆದಾಗ ವ್ಯೂವರ್ ಇಂಥ ಪುಟಗಳನ್ನು ಒಂದರ ಹಿಂದೆ ಒಂದು ಬಿಚ್ಚಬೇಕು, ಬಿಚ್ಚುವವರೆಗೆ ತೋರಿಸಲು ಬಿಳಿ ಹಾಳೆ ಬಿಟ್ಟು ಏನೂ ಇರುವುದಿಲ್ಲ.

ಓಕ್ಯುಲರ್‌ನ ಪರ್ಫಾರ್ಮೆನ್ಸ್ ಸೆಟ್ಟಿಂಗ್‌ನಲ್ಲಿ ಮೆಮೊರಿಯನ್ನು ‘ಅಗ್ರೆಸಿವ್’ ಮಾಡಿದರೆ ಮುಂದಿನ ಪುಟಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುತ್ತದೆ, ಸಾಲಾಗಿ ಓದುವಾಗ ಹಾಯೆನಿಸುತ್ತದೆ. ‘ಗ್ರೀಡಿ’ ಬೇಡ, ಅದು ಎಲ್ಲ ಪುಟಗಳನ್ನೂ ಮೊದಲೇ ಮೂಡಿಸಿಟ್ಟುಕೊಳ್ಳುತ್ತದೆ. 1920 ಪಿಕ್ಸೆಲ್ ಅಗಲಕ್ಕೆ ಮೂಡಿಸಿದ ಎ4 ಪುಟವೇ, ಪರದೆಗೆ ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ, ಸುಮಾರು 21 ಎಂಬಿ ಆಗುತ್ತದೆ, 412 ಪುಟಕ್ಕೆ ನಿಮ್ಮ ಇಡೀ ರ‍್ಯಾಮ್ ಸಾಲದು.

ನಿಜವಾದ ಪರಿಹಾರ ಓದಲಿಕ್ಕೆಂದೇ ಒಂದು ಹಗುರ ಪ್ರತಿ ಮಾಡಿಕೊಳ್ಳುವುದು. ಘೋಸ್ಟ್‌ಸ್ಕ್ರಿಪ್ಟ್ ಎಂಬ ಪರಿವರ್ತನೆ ಪ್ರೋಗ್ರಾಮಿನ ಪಿಡಿಎಫ್ ರೈಟ್ (ಹೊಸ ಪಿಡಿಎಫ್ ಬರೆಯುವ ಭಾಗ) ಮೂಲಕ ಹಾಯಿಸಿದರೆ ಜೆಪಿಎಕ್ಸ್ ಚಿತ್ರಗಳು ಸಾಮಾನ್ಯ ಜೆಪೆಗ್ ಆಗುತ್ತವೆ. ‘ಇಬುಕ್’ ಸೆಟ್ಟಿಂಗ್ ಬಣ್ಣದ ಚಿತ್ರಗಳನ್ನು 150 ಡಿಪಿಐಗೆ ಇಳಿಸುತ್ತದೆ. ಕನ್ನಡ ಪುಟಕ್ಕೆ ಅದು ಸಾಲದು ಅನ್ನುವುದು ನನ್ನ ಅಭಿಪ್ರಾಯ. ಸಣ್ಣ ಅಚ್ಚಿನಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ, ‘ಷ್ಟ’ ಯಾವುದು ‘ಷ್ಠ’ ಯಾವುದು ಎಂದು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಬಣ್ಣದ ಚಿತ್ರದ ರೆಸಲ್ಯೂಷನ್ನನ್ನು ಕೈಯಾರೆ 200 ಕೊಡಿ. ಆಗ ಪುಟ 1654 × 2339, ಈಗಿನದರ ಒಂಬತ್ತನೇ ಒಂದು ಭಾಗ ಪಿಕ್ಸೆಲ್. ಮೊದಲು ಹತ್ತು ಪುಟ ಮಾತ್ರ ಪರಿವರ್ತಿಸಿ 100% ಜೂಮ್‌ನಲ್ಲಿ ಓದಿ ನೋಡಿ, ಆಮೇಲೆ ಪೂರ್ತಿ ಮಾಡಿ. ಫೈಲಿನಲ್ಲಿ ಓಸಿಆರ್ ಪಠ್ಯ (ಚಿತ್ರದಿಂದ ಗುರುತಿಸಿ ಸೇರಿಸಿದ, ಹುಡುಕಬಹುದಾದ ಅಕ್ಷರ) ಇದ್ದರೆ ಒಂದು ಪದ ಹುಡುಕಿ, ಒಂದು ಸಾಲು ಕಾಪಿ ಮಾಡಿ ಪರೀಕ್ಷಿಸಿ, ಪರಿವರ್ತನೆಯಲ್ಲಿ ಅದು ಕೆಡುವುದುಂಟು. ಮೂಲ ಫೈಲನ್ನು ಮಾತ್ರ ದಯವಿಟ್ಟು ಅಳಿಸಬೇಡಿ, ಕಳೆದ ವಿವರ ಮತ್ತೆ ಬರುವುದಿಲ್ಲ.

ಉತ್ತರ 3

ಇದೇ ಲಕ್ಷಣ ಇಟ್ಟುಕೊಂಡು ಇಲ್ಲಿಗೆ ಬರುವವರಿಗೆ ಇನ್ನೊಂದು ದಿಕ್ಕು. ಎಲ್ಲ ಫೈಲುಗಳಲ್ಲೂ, ಬ್ರೌಸರಿನಲ್ಲೂ ಪರದೆಗಟ್ಟಲೆ ಹಾರಿದರೆ ತಪ್ಪು ಪಿಡಿಎಫ್‌ನದಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಅಂಡ್ ಡಿವೈಸಸ್, ಮೌಸ್‌ಗೆ ಹೋಗಿ. ‘ಒನ್ ಸ್ಕ್ರೀನ್ ಅಟ್ ಎ ಟೈಮ್’ ಇದ್ದರೆ ‘ಮಲ್ಟಿಪಲ್ ಲೈನ್ಸ್’ ಮಾಡಿ, ಸಾಲು 3 ಇಡಿ.

ಮೌಸ್‌ನಲ್ಲಿ ಸರಿ, ಟಚ್‌ಪ್ಯಾಡ್‌ನಲ್ಲಿ ಮಾತ್ರ ಒಮ್ಮೆಲೇ ನಾಲ್ಕೈದು ಪುಟ ಹೋಗುತ್ತದೆ ಅಂದರೆ ಕಾರಣ ಬೇರೆ. ವಿಂಡೋಸ್‌ನಲ್ಲಿ ಸಾಮಾನ್ಯ ವೀಲಿನ ಒಂದು ಕ್ಲಿಕ್ ಅಂದರೆ 120 ಘಟಕ. ಟಚ್‌ಪ್ಯಾಡ್ ಅದಕ್ಕಿಂತ ಚಿಕ್ಕ ಚಿಕ್ಕ ತುಣುಕು ಕಳಿಸುತ್ತದೆ. ಆ ತುಣುಕುಗಳನ್ನು 120 ಆಗುವವರೆಗೆ ಕೂಡಿಸದೆ ಪ್ರತಿಯೊಂದನ್ನೂ ಒಂದು ಪೂರ್ತಿ ಕ್ಲಿಕ್ ಎಂದು ಎಣಿಸುವ ಹಳೆಯ ವ್ಯೂವರ್‌ಗಳು ಸಿಂಗಲ್ ಪೇಜ್‌ನಲ್ಲಿ ಓಡಿಬಿಡುತ್ತವೆ. ಹೊಸ ಆವೃತ್ತಿ ಹಾಕಿ, ಇಲ್ಲವೇ ಕಂಟಿನ್ಯೂಯಸ್‌ನಲ್ಲೇ ಓದಿ.

ವೀಲ್ ತಿರುಗಿಸಿದರೆ ಸರಿಯುವ ಬದಲು ಜೂಮ್ ಆಗುತ್ತಿದ್ದರೆ ಮೊದಲು ಕಂಟ್ರೋಲ್ ಕೀ ಅಂಟಿಕೊಂಡಿದೆಯೇ ನೋಡಿ. ಅದಲ್ಲವಾದರೆ ಅಕ್ರೊಬ್ಯಾಟ್‌ನ ಜನರಲ್ ಪ್ರಿಫರೆನ್ಸಸ್‌ನಲ್ಲಿ ‘ಮೇಕ್ ಹ್ಯಾಂಡ್ ಟೂಲ್ ಯೂಸ್ ಮೌಸ್ ವೀಲ್ ಜೂಮಿಂಗ್’ ಟಿಕ್ ತೆಗೆಯಿರಿ. ಪುಟ ತಾನಾಗಿಯೇ ಜಾರುತ್ತಿದ್ದರೆ ಆಟೋ ಸ್ಕ್ರೋಲ್ ಆನ್ ಆಗಿದೆ. ಅಕ್ರೊಬ್ಯಾಟ್‌ನಲ್ಲಿ ಎಸ್ಕೇಪ್ ಒತ್ತಿದರೆ ನಿಲ್ಲುತ್ತದೆ. ಓಕ್ಯುಲರ್‌ನಲ್ಲಿ ಶಿಫ್ಟ್ ಜೊತೆ ಕೆಳಬಾಣ ಒತ್ತಿದ್ದರಿಂದ ಶುರುವಾಗಿರುತ್ತದೆ, ಶಿಫ್ಟ್ ಒಂದನ್ನೇ ಮತ್ತೆ ಒತ್ತಿ.