ಅಪ್‌ಡೇಟ್: ಎಸ್‌ಟಿಆರ್‌ಮ್ಯಾಚ್ ಸೊನ್ನೆ ಕೊಡ್ತಿದ್ದದ್ದು ಯಾಕೆ

ಪ್ರಶ್ನೆ ಇದಾಗಿತ್ತು: ಬೆಳಗಾವಿ ಪ್ಯಾಟಿ ಇರೋ ಮಶ್ (ಟೈಪ್ ಮಾಡಿ ಹಲವರು ಕೂಡಿ ಆಡೋ ಆನ್‌ಲೈನ್ ಆಟ) ಆಟದಾಗ ಆಟಗಾರ 'ಎರಡು ಕುಂದಾ ಕೊಡ್ರಿ' ಅಂತ ಟೈಪ್ ಮಾಡಿದ್ರೆ ಎಸ್‌ಟಿಆರ್‌ಮ್ಯಾಚ್(%0, ಕುಂದಾ) ಯಾಕೆ 0 ಕೊಡ್ತದ? (%0 ಅಂದ್ರ ಆಟಗಾರ ಟೈಪ್ ಮಾಡಿದ ಸಾಲು; ಉತ್ತರ 1 ಅಂದ್ರ ಹೊಂದಿತು, 0 ಅಂದ್ರ ಹೊಂದಲಿಲ್ಲ.) ಉತ್ತರ ಬರೆದವರಿಗೆಲ್ಲ ಧನ್ಯವಾದ್ರಿ, ಈಗ ಕೆಲಸ ಆಗ್ತದ.

ಈ ಫಂಕ್ಷನ್ ಪೂರ್ತಿ ಸಾಲನ್ನ ಪ್ಯಾಟರ್ನ್ ಜೋಡಿ ತಾಳೆ ನೋಡ್ತದ, ಒಳಗ ಹುಡುಕೋದಿಲ್ಲ. * ಅಂದ್ರ ಆ ಜಾಗದಾಗ ಏನಿದ್ರೂ ಸರಿ, ಹಂಗಾಗಿ *ಕುಂದಾ* ಅಂತ ಕೊಟ್ರೆ 1 ಬರ್ತದ. ಆದ್ರ 'ಕುಂದಾಪುರಕ್ಕ ಬಸ್ ಎಷ್ಟಕ್ಕ?' ಅಂದ್ರೂ 1, ಅಂಗಡಿಯವ ಕುಂದಾ ಕಟ್ಟಿಕೊಡ್ತಾನ! ಅದಕ್ಕ ಪದ ಪದ ನೋಡೋ ಮ್ಯಾಚ್() ವಾಸಿ. ಮ್ಯಾಚ್(%0, ಕುಂದಾ) ಇಲ್ಲಿ 2 ಕೊಡ್ತದ, ಅಂದ್ರ ಎರಡನೇ ಪದ, ಸಿಗದಿದ್ರ 0. ಉತ್ತರ 1 ಅದನೋ ಇಲ್ಲೋ ಅಂತ ಹೋಲಿಸಬ್ಯಾಡ್ರಿ, ಸೊನ್ನೆ ಅಲ್ಲ ಅನ್ನೋದಷ್ಟೇ ನೋಡ್ರಿ. 'ಕುಂದಾದ', 'ಕುಂದಾನ' ಥರದ ರೂಪಗಳಿಗೆ ಬ್ಯಾರೆ ಬ್ಯಾರೆ ಮ್ಯಾಚ್() ಬರೆದು ಆರ್()ನಾಗ (ಯಾವುದಾದ್ರೂ ಒಂದು ಹೊಂದಿದ್ರ ಸಾಕು ಅನ್ನೋ ಫಂಕ್ಷನ್) ಸೇರಿಸಬೇಕು, ಬ್ಯಾರೆ ಸುಲಭದ ದಾರಿ ಕಾಣಲಿಲ್ಲ.

ಪ್ಯಾಟರ್ನ್ ಒಳಗ ಒಂದೇ ಒಂದು ಅಕ್ಷರಕ್ಕ ಹೊಂದೋ ? ಚಿಹ್ನೆಯನ್ನ ಕನ್ನಡಕ್ಕ ನಂಬಬ್ಯಾಡ್ರಿ. 'ಕುಂದಾ' ಕಣ್ಣಿಗೆ ಎರಡಕ್ಷರ. ಯೂನಿಕೋಡ್‌ನಾಗ ಕ, ಉಕಾರ, ಅನುಸ್ವಾರ (ಂ), ದ, ಆಕಾರ ಸೇರಿ 5. ಬೈಟ್ ಎಣಿಸೋ ಸರ್ವರ್ ಆದ್ರ ಯುಟಿಎಫ್-8ನಾಗ 15. ?? ಯಾವತ್ತೂ ಹೊಂದೋದಿಲ್ಲ. * ಆದ್ರ ಈ ತಕರಾರಿಲ್ಲ.

ನಿಜವಾದ * ಚಿಹ್ನೆಯನ್ನೇ ಹುಡುಕೋದಿದ್ರ ಅದಕ್ಕಿಂತ ಮೊದಲು \ ಚಿಹ್ನೆ ಎರಡು ಹಾಕ್ರಿ: \\* ಅಂತ. ಒಂದನ್ನ ಪಾರ್ಸರೇ ನುಂಗ್ತದ.