ಬಗ್ಗಿಸಿದ ತಾಮ್ರದ ತಂತಿ ಇನ್ನಷ್ಟು ಬಿಗಿಯಾಗುವುದೇಕೆ?

ಪ್ರಶ್ನೆ:
ದಪ್ಪ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಆರಿಸಿದರೆ ಅದು ಬೆರಳಿನಲ್ಲೇ ಬಗ್ಗುತ್ತದೆ. ಆದರೆ ಮತ್ತೆ ನೆಟ್ಟಗೆ ಮಾಡಲು ಹೊರಟರೆ ಬಗ್ಗಿದ ಜಾಗ ಸುಲಭವಾಗಿ ಮಣಿಯುವುದಿಲ್ಲ. ಅದರ ಪಕ್ಕದ ಭಾಗ ಬಾಗುತ್ತದೆ. ತಾಮ್ರವೂ ಅದೇ, ಪರಮಾಣುಗಳ ನಡುವಿನ ಬಂಧವೂ ಅದೇ ಆಗಿರುವಾಗ ಈ ಹೊಸ ಬಲ ಎಲ್ಲಿಂದ ಬರುತ್ತದೆ?

ಉತ್ತರ 1:
ಬಂಧವೊಂದೇ ಬಲವನ್ನು ನಿರ್ಧರಿಸುವಂತಿದ್ದರೆ ತಾಮ್ರ ನಮ್ಮ ಕೈಗೆ ಬಗ್ಗುತ್ತಲೇ ಇರಲಿಲ್ಲ. ಪರಮಾಣುಗಳ ಇಡೀ ಪದರವೊಂದನ್ನು ಇನ್ನೊಂದರ ಮೇಲೆ ಒಮ್ಮೆಗೇ ಜಾರಿಸಲು ಬೇಕಾದ ಒತ್ತಡವನ್ನು ಭೌತವಿಜ್ಞಾನಿ ಫ್ರೆಂಕೆಲ್ 1926ರಲ್ಲಿ ಲೆಕ್ಕ ಹಾಕಿದರು. ಆ ಲೆಕ್ಕದಂತೆ ತಾಮ್ರಕ್ಕೆ ಹಲವು ಸಾವಿರ ಮೆಗಾಪಾಸ್ಕಲ್ ಬೇಕು. ಶುದ್ಧ ತಾಮ್ರದ ಒಂಟಿ ಸ್ಫಟಿಕವಾದರೋ (ಪರಮಾಣುಗಳೆಲ್ಲ ಒಂದೇ ಕ್ರಮದಲ್ಲಿ ಜೋಡಿಕೊಂಡಿರುವ ಒಂದೇ ಹರಳು) ಸುಮಾರು ಒಂದು ಮೆಗಾಪಾಸ್ಕಲ್‌ಗೇ ಜಾರತೊಡಗುತ್ತದೆ. ಇದಕ್ಕೆ ಕಾರಣವನ್ನು 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಮೂವರೂ ಬೇರೆ ಬೇರೆಯಾಗಿ ಕಂಡುಕೊಂಡರು. ಸ್ಫಟಿಕದೊಳಗೆ ಪರಮಾಣುಗಳ ಪದರ ನಡುವೆಯೇ ಮುಗಿದುಹೋಗುವ ಡಿಸ್ಲೊಕೇಶನ್ ಎಂಬ ದೋಷರೇಖೆಗಳಿರುತ್ತವೆ. ದೊಡ್ಡ ಜಮಖಾನೆಯನ್ನು ಇಡಿಯಾಗಿ ಎಳೆಯುವ ಬದಲು ಅದರ ಸುಕ್ಕೊಂದನ್ನು ತಳ್ಳುತ್ತಾ ಸರಿಸುವಂತೆ, ಈ ರೇಖೆ ಹೆಜ್ಜೆ ಹೆಜ್ಜೆಯಾಗಿ ಸಾಗುವುದರಿಂದ ಅಲ್ಪ ಬಲ ಸಾಕಾಗುತ್ತದೆ.

ತಂತಿಯನ್ನು ಬಗ್ಗಿಸಿದಾಗ ಇಂಥ ರೇಖೆಗಳು ಅಪಾರವಾಗಿ ಹೆಚ್ಚಿ, ಒಂದಕ್ಕೊಂದು ಸಿಕ್ಕುಬಿದ್ದು, ಪರಸ್ಪರ ದಾರಿ ಕಟ್ಟುತ್ತವೆ. ಕಾಯಿಸಿದರೆ ಹೊಸ ಹರಳುಗಳು ಬೆಳೆದು ಆ ಸಿಕ್ಕು ಅಳಿಸಿಹೋಗುತ್ತದೆ. ಲೋಹವನ್ನು ಬಲಪಡಿಸುವುದೆಂದರೆ ಈ ರೇಖೆಗಳ ಓಡಾಟಕ್ಕೆ ಅಡ್ಡಿಯೊಡ್ಡುವುದು. ಹಿತ್ತಾಳೆಯಲ್ಲಿ ಆ ಕೆಲಸವನ್ನು ಸತುವಿನ ಪರಮಾಣುಗಳು ಮಾಡುತ್ತವೆ.

ಉತ್ತರ 2:
ಇದಕ್ಕೆ ನನಗೆ ಅತ್ಯಂತ ಪ್ರಿಯವಾದ ನಿದರ್ಶನ ಡ್ಯುರಾಲುಮಿನ್ ಎಂಬ ಮಿಶ್ರಲೋಹ. ತಾಮ್ರ ಮತ್ತು ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಅನ್ನು ಕಾಯಿಸಿ ತಣ್ಣೀರಿಗೆ ಅದ್ದಿದ ಆಲ್ಫ್ರೆಡ್ ವಿಲ್ಮ್, ಅದು ಸುಮ್ಮನೆ ಇಟ್ಟಲ್ಲೇ ದಿನಗಳೆದಂತೆ ಗಟ್ಟಿಯಾಗುವುದನ್ನು 1906ರಲ್ಲಿ ಕಂಡರು. ತಾಮ್ರದ ಪರಮಾಣುಗಳು ಒಳಗೊಳಗೇ ಅತಿ ಸಣ್ಣ ತಟ್ಟೆಗಳಾಗಿ ಗುಂಪುಗೂಡುತ್ತವೆಂದು ಗಿನಿಯೇ ಮತ್ತು ಪ್ರೆಸ್ಟನ್ 1938ರಲ್ಲಿ ಎಕ್ಸ್-ರೇ ಮೂಲಕ ತೋರಿಸಿದರು. ಆ ತಟ್ಟೆಗಳೇ ಡಿಸ್ಲೊಕೇಶನ್‌ಗಳಿಗೆ ಅಡ್ಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಗಾಜಿನಲ್ಲಿ ಸ್ಫಟಿಕವೇ ಇಲ್ಲವಲ್ಲ, ಅಂದಮೇಲೆ ಜಾರುವ ಡಿಸ್ಲೊಕೇಶನ್‌ಗಳೂ ಇಲ್ಲ; ಹಾಗಾದರೆ ಅದು ಎಲ್ಲಕ್ಕಿಂತ ಬಲವಾಗಿರಬೇಕಲ್ಲವೇ?

ಉತ್ತರ 3:
ಗೀರಿಲ್ಲದ ಹೊಸ ಗಾಜಿನ ಎಳೆ ನಿಜಕ್ಕೂ ಬಹಳ ಬಲವಾದದ್ದು. ಎಳೆ ತೆಳುವಾದಷ್ಟೂ ಅದರ ಬಲ ಹೆಚ್ಚುವುದನ್ನು ಗ್ರಿಫಿತ್ 1920ರ ಸುಮಾರಿನಲ್ಲೇ ಅಳೆದು ತೋರಿಸಿದರು. ಆದರೆ ಬಳಕೆಯ ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಲೋಹದಲ್ಲಾದರೆ ಬಿರುಕಿನ ತುದಿ ಮಣಿದು ಮೊಂಡಾಗುತ್ತದೆ. ಗಾಜಿಗೆ ಹಾಗೆ ಮಣಿಯುವ ದಾರಿಯಿಲ್ಲದ ಕಾರಣ ಒತ್ತಡವೆಲ್ಲ ಆ ತುದಿಯಲ್ಲೇ ಸೇರಿ ಬಿರುಕು ಮುಂದೋಡುತ್ತದೆ. ಆದ್ದರಿಂದ ಬಗ್ಗದಿರುವ ಬಲವನ್ನೂ ಒಡೆಯದಿರುವ ಗುಣವನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು. ಕಾಯಿಸಿ ನೀರಿಗೆ ಅದ್ದಿದ ಉಕ್ಕಿನ ಉಳಿಯನ್ನು ಮತ್ತೊಮ್ಮೆ ಹಿತವಾಗಿ ಕಾಯಿಸುವುದೂ ಇದಕ್ಕಾಗಿಯೇ: ಗಡಸುತನ ಸ್ವಲ್ಪ ತಗ್ಗಿದರೂ ಸುತ್ತಿಗೆಯ ಏಟಿಗೆ ಅದರ ಬಾಯಿ ಚಕ್ಕೆ ಏಳುವುದಿಲ್ಲ.