2.5 ಚದರ ಮಿ.ಮೀ. ವೈರಿನಲ್ಲಿರೋದು ತಾಮ್ರವೇನಾ? ಅಳೆದು ನೋಡೋ ಬಗೆ

ಪ್ರಶ್ನೆ (ಪಿಂಪ್ರಿ, ಪುಣೆ): ಸರ್, ವರ್ಕ್‌ಶಾಪ್‌ಗೆ 2.5 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ವೈರು ತಂದಿದ್ದೀವಿ, 90 ಮೀಟರ್ ಕಾಯಿಲ್. ರೆಸಿಸ್ಟಿವಿಟಿ (ಲೋಹದ ಸಹಜ ರೋಧಗುಣ) ಲೆಕ್ಕ ಹಾಕಿದರೆ 0.62 ಓಮ್ ಬರಬೇಕು, ಮಲ್ಟಿಮೀಟರ್ 1.3 ತೋರಿಸ್ತಿದೆ. ತಾಮ್ರ ಬಳಿದ ಅಲ್ಯೂಮಿನಿಯಂ ಇರಬಹುದಾ?

ಉತ್ತರ (ಕೇಬಲ್ ಟೆಸ್ಟಿಂಗ್, ಠಾಣೆ): ಆ 1.3ರಲ್ಲಿ ಪ್ರೋಬ್‌ಗಳ ರೋಧವೂ ಸೇರಿದೆ. ಎರಡೂ ಪ್ರೋಬ್‌ಗಳ ತುದಿ ಒಂದಕ್ಕೊಂದು ಮುಟ್ಟಿಸಿ ನೋಡಿ, ಅಲ್ಲೇ 0.2ರಿಂದ 0.5 ಓಮ್ ಕಾಣುತ್ತೆ. ಇಷ್ಟು ಕಡಿಮೆ ರೋಧಕ್ಕೆ ಓಮ್ ರೇಂಜ್ ನಂಬಬೇಡಿ. ಡಿಸಿ ಸಪ್ಲೈಯಿಂದ ವೈರಿಗೆ 1 ಆಂಪಿಯರ್ ಬಿಡಿ. ಕರೆಂಟ್ ಕ್ಲಿಪ್‌ಗಳಿಂದ ಒಂದೆರಡು ಸೆಂ.ಮೀ. ಒಳಗೆ, ನೇರ ತಂತಿಯ ಮೇಲೇ ಪ್ರೋಬ್ ಇಟ್ಟು ವೋಲ್ಟೇಜ್ ಓದಿ. ಕ್ಲಿಪ್ ಮೇಲೆ ಇಟ್ಟರೆ ಅದರ ಜೋಡಣೆಯ ರೋಧವೂ ಲೆಕ್ಕಕ್ಕೆ ಬಂದುಬಿಡುತ್ತೆ. ಕಾಯಿಲ್ ನಿಜಕ್ಕೂ 90 ಮೀಟರ್ ಇದೆಯಾ ಅಂತಲೂ ಅಳೆಯಿರಿ.

ಪ್ರಶ್ನೆ: ಉದ್ದ ಸರಿ ಇದೆ. 0.92 ವೋಲ್ಟ್ ಬಂತು, ಶೆಡ್ಡಿನಲ್ಲಿ 30 ಡಿಗ್ರಿ.

ಉತ್ತರ: ಅಂದರೆ 0.92 ಓಮ್. ತಾಮ್ರದ ರೋಧ ಡಿಗ್ರಿಗೆ ಶೇ. 0.393ರಷ್ಟು ಏರುತ್ತೆ, ಹಾಗಾಗಿ 1.039ರಿಂದ ಭಾಗಿಸಿ: 20 ಡಿಗ್ರಿಗೆ 0.885 ಓಮ್, ಕಿ.ಮೀ.ಗೆ 9.84. ಈ ಸೈಜಿನ ಫ್ಲೆಕ್ಸಿಬಲ್ ವೈರಿಗೆ ಭಾರತೀಯ ಮಾನಕ ಐಎಸ್ 8130ರ ಮಿತಿ, 20 ಡಿಗ್ರಿಗೆ, 7.98. ವೈರು ಫೇಲ್. ಆದರೆ ಲೋಹ ಬೇರೆಯೋ, ತಾಮ್ರವೇ ಕಡಿಮೆಯೋ ಅನ್ನೋದು ರೋಧ ಒಂದರಿಂದಲೇ ಗೊತ್ತಾಗಲ್ಲ. ಒಂದು ಮೀಟರ್ ಕತ್ತರಿಸಿ, ಇನ್ಸುಲೇಷನ್ ಪೂರ್ತಿ ಸುಲಿದು, 0.1 ಗ್ರಾಂ ತೋರಿಸೋ ತಕ್ಕಡಿಯಲ್ಲಿ ತೂಗಿ.

ಪ್ರಶ್ನೆ: 16.1 ಗ್ರಾಂ.

ಉತ್ತರ: ಮೀಟರಿನ ರೋಧ 0.00984 ಓಮ್, ಅದನ್ನು 16.1ರಿಂದ ಗುಣಿಸಿದರೆ 0.158. ಈ ಗುಣಲಬ್ಧ ಅಂದರೆ ರೆಸಿಸ್ಟಿವಿಟಿ ಗುಣಿಸು ಸಾಂದ್ರತೆ. ತಂತಿ ದಪ್ಪವಿರಲಿ ತೆಳ್ಳಗಿರಲಿ, ಅದು ಬದಲಾಗಲ್ಲ. ಒಳ್ಳೆ ತಾಮ್ರಕ್ಕೆ 0.153, ಎಳೆಗಳ ಹುರಿಯಿಂದ ಸ್ವಲ್ಪ ಜಾಸ್ತಿ. ಅಲ್ಯೂಮಿನಿಯಂಗೆ 0.076, ತಾಮ್ರ ಬಳಿದದ್ದಕ್ಕೆ 0.1ರ ಆಸುಪಾಸು. ನಿಮ್ಮದು ತಾಮ್ರವೇ. 16.1ನ್ನು ಸಾಂದ್ರತೆ 8.89ರಿಂದ ಭಾಗಿಸಿ: ಸುಮಾರು 1.8 ಚದರ ಮಿ.ಮೀ. ದಪ್ಪದಲ್ಲಿ ಮೋಸ ಆಗಿದೆ.

ಪ್ರಶ್ನೆ (ಮಡಗಾಂವ್): ಹಾಗಿದ್ರೆ ಕ್ಯಾಲಿಪರ್‌ನಲ್ಲಿ ವ್ಯಾಸ ಅಳೆದರೆ ಸಾಲದಾ?

ಉತ್ತರ: ಸಾಲದು. ಎಳೆಗಳ ನಡುವಿನ ಗಾಳಿಯೂ ಅಳತೆಗೆ ಸೇರಿ ದಪ್ಪ ಜಾಸ್ತಿ ತೋರುತ್ತೆ. ಪಿಂಪ್ರಿಯವರೇ, ಇದನ್ನು 16 ಆಂಪಿಯರ್ ಪ್ಲಗ್‌ಗೆ ಎಳೀಬೇಡಿ. ತುಂಡು, ತೂಕ, ರೀಡಿಂಗ್ ಮೂರೂ ಇಟ್ಟುಕೊಂಡು ಕಾಯಿಲ್ ವಾಪಸ್ ಕೊಡಿ.